ಏಣಿಯ ಐದನೇ ಮೆಟ್ಟಿಲು

ಹೊಳಲೂರಿಗೆ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗಲೇ ರುದ್ರೇಶನ ಕಣ್ಣಿಗೆ ಏಣಿ ಕಾಣಿಸತೊಡಗಿತ್ತು. ಅತ್ತೆ ಎಲ್ಲಿಂದಲಾದರೂ ಒಂದನ್ನು ತರಿಸಿಯೇ ಇರುತ್ತಾರೆ. ಹಿಂದಿನ ದಿನ ಫೋನಿನಲ್ಲಿ, 'ಏಣಿ ಸಿಗದಿದ್ರೆ ಇನ್ನೊಂದು ದಿನ ಬರ್ತೀನಿ ಅತ್ತೆ' ಎಂದು ಆಸೆಯಿಂದ ಹೇಳಿ ನೋಡಿದ್ದ. 'ಅದರ ಚಿಂತೆ ನಿಮಗ್ಯಾಕೆ' ಎಂದು ಮಹಾಂತಮ್ಮ ಫೋನಿಟ್ಟಿದ್ದರು. ಗಿರಣಿಯ ಮಾಡು ಹತ್ತಿ ಸೋಲಾರ್‌ಗೆ ಅಳತೆ ತೆಗೆಯುವುದನ್ನು ಎರಡು ಸಲ ಮುಂದೂಡಿದ್ದಾಗಿತ್ತು, ಒಂದು ಸಲ ಜ್ವರ ಅಂತ, ಇನ್ನೊಂದು ಸಲ ಅಂಗಡಿಯಲ್ಲಿ ಕೆಲಸ ಅಂತ. ಇವತ್ತು ಬೆಳಿಗ್ಗೆ ಶಾಂಭವಿ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತ, "ಊರವರ ಮನೆ ಮಾಡೆಲ್ಲ ಹತ್ತಿ ಇಳೀತೀರಿ, ನಮ್ಮಮ್ಮನ ಗಿರಣಿಗೆ ಮಾತ್ರ ನಿಮಗೆ ಪುರುಸೊತ್ತಿಲ್ಲ" ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ. ಗಂಡ ಮೂರು ವರ್ಷದಿಂದ ಯಾರ ಮಾಡನ್ನೂ ಹತ್ತಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ. ಶಿವಮೊಗ್ಗದ ಸೋಲಾರ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಅಳತೆಯ ಕೆಲಸ ಮಾಡುವವನು, ಪ್ಯಾನೆಲ್ ಎಲ್ಲಿ ಕೂರಬೇಕು, ಯಾವ ಕಡೆಗೆ ಎಷ್ಟು ವಾಲಬೇಕು ಎಂದು ಕಾಗದದ ಮೇಲೆ ಬರೆದು ಕೊಡುವವನು, ಕೆಳಗೇ ನಿಂತಿರುತ್ತಾನೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಮೇಲೆ ಹತ್ತುತ್ತಿದ್ದವನು ಅಂಗಡಿಯ ಜೊತೆಗಾರ ಆನಂದ. ಆನಂದ ಈಗ ಭದ್ರಾವತಿಯಲ್ಲಿ ತೊಡೆಯೊಳಗೆ ರಾಡು ಹಾಕಿಸಿಕೊಂಡು ಮಲಗಿದ್ದಾನೆ.

ಗಿರಣಿಯ ಸದ್ದು ಬಸ್‌ಸ್ಟಾಪಿನಿಂದಲೇ ಕೇಳಿಸಿತು. ಸ್ಕೂಟರು ನಿಲ್ಲಿಸುವಷ್ಟರಲ್ಲಿ ಮಹಾಂತಮ್ಮ ಬಾಗಿಲಿಗೆ ಬಂದಿದ್ದರು. ಅರವತ್ತಾರು ವರ್ಷ, ಮೊಣಕೈವರೆಗೆ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು, ಅದರ ನಡುವೆ ವಿಭೂತಿ ಎಲ್ಲಿ ಮುಗಿದು ಹಿಟ್ಟು ಎಲ್ಲಿ ಶುರುವಾಯಿತೆಂದು ತಿಳಿಯದ ಹಣೆ. ಮಾವನವರು ಇದ್ದಾಗಿನಿಂದಲೂ ಗಿರಣಿ ನಡೆಸುತ್ತಿದ್ದವರು ಇವರೇ. ಮಾವ ಮುಂದಿನ ಕಟ್ಟೆಯ ಮೇಲೆ ಕೂತು ಬಂದವರನ್ನು ಮಾತಾಡಿಸುತ್ತಿದ್ದರು ಅಷ್ಟೆ. "ಬನ್ನಿ ಅಳಿಯಂದ್ರೇ, ಬಿಸಿಲೇರೋದ್ರೊಳಗೆ ಬಂದ್ರಲ್ಲ. ಏಣಿ ಬೆಳಿಗ್ಗೇನೇ ತರಿಸಿಟ್ಟಿದೀನಿ, ಶಾಮಿಯಾನದ ಹೂವಪ್ಪನ ಮನೇದು. ಗಟ್ಟಿ ಇದೆ, ನಾನೇ ಎರಡು ಮೆಟ್ಟಿಲು ಹತ್ತಿ ನೋಡಿದೆ." ಕಬ್ಬಿಣದ ಏಣಿ ಗಿರಣಿಯ ಪಕ್ಕದ ಗೋಡೆಗೆ ಒರಗಿತ್ತು. ಅದರೆದುರಿನ ಹಿತ್ತಲಲ್ಲಿ ಡಬ್ಬ ಮುಂದಿಟ್ಟುಕೊಂಡು ಏಳೆಂಟು ಹೆಂಗಸರು ತಮ್ಮ ಸರದಿಗೆ ಕಾಯುತ್ತ ಕೂತಿದ್ದರು. ರಾಗಿ, ಜೋಳ, ಅಕ್ಕಿ, ಒಂದು ಡಬ್ಬದಲ್ಲಿ ಹುರಿದ ಕಡ್ಲೆ. ಅವರೆಲ್ಲರ ಮುಖ ಏಣಿಯ ಕಡೆಗಿತ್ತು. ಸುಮ್ಮನೆ ಕೂತವರಿಗೆ ನೋಡಲು ಬೇರೆ ಏನಿದೆ?

ಅವನು ಮೊದಲು ಒಳಗಿನ ಕೆಲಸ ಮುಗಿಸುತ್ತೇನೆಂದ. ಮೋಟಾರಿನ ಮೇಲಿನ ಹಿಟ್ಟು ಒರೆಸಿ ಹತ್ತು ಎಚ್‌ಪಿ ಎಂದು ಬರೆದುಕೊಂಡ. ಮೀಟರ್ ಬೋರ್ಡಿನ ಫೋಟೋ ತೆಗೆದ, ಅದೇ ಬೋರ್ಡಿನ ಫೋಟೋ ಮತ್ತೆ ತೆಗೆದ. ಗಿರಣಿಯಲ್ಲಿ ಕಾಳು ಸುರಿಯುವ ಕರಿಯಮ್ಮ ಚಾ ತಂದುಕೊಟ್ಟಳು. ಕುಡಿದ. ಇನ್ನೊಂದು ಲೋಟ ಕೇಳಿದ. ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆಂದು ಕೇಳಿದಾಗ ಕರಿಯಮ್ಮ, "ಹೋಗೋದನ್ನ ಎಣಿಸಲ್ಲ ಸಾ, ಬರೋದನ್ನ ಎಣಿಸ್ತೀವಿ" ಎಂದಳು. ಮಹಾಂತಮ್ಮ ಕಲ್ಲಿನ ಸಂದಿನಿಂದ ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನುಣುಪು ನೋಡುತ್ತ, "ಬಿಸಿಲಿದ್ದಷ್ಟು ಹೊತ್ತು ಗಿರಣಿ ಓಡಿದ್ರೆ ಸಾಕು ನನಗೆ" ಎಂದರು. "ನಡುವೆ ಕರೆಂಟು ಹೋಗಿ ಕಲ್ಲು ನಿಂತರೆ ಅರ್ಧ ಬೀಸಿದ ಜೋಳ ಹಾಗೇ ಉಳಿಯುತ್ತೆ. ಆ ಹೆಂಗಸು ನನ್ನ ಮುಖ ನೋಡ್ತಾ ಕೂರ್ತಾಳೆ, ನಾನೇ ಏನೋ ತಪ್ಪು ಮಾಡಿದೀನಿ ಅನ್ನೋ ಹಂಗೆ." ಬ್ಯಾಟರಿಯಿಲ್ಲದೆ ಬಿಸಿಲಿನಿಂದ ನೇರವಾಗಿ ಮೋಟಾರು ಓಡಿಸುವ ಪೆಟ್ಟಿಗೆಯ ಬಗ್ಗೆ ಅವನು ವಿವರಿಸಿದ. ಮೋಡ ಬಂದರೆ ನಿಧಾನವಾಗುತ್ತದೆ ಅತ್ತೆ, ಹದಿನೆಂಟು ಪ್ಯಾನೆಲ್ ಬೇಕು, ಒಂದೊಂದೂ ಬಾಗಿಲಿಗಿಂತ ದೊಡ್ಡದು. ಹೇಳುತ್ತ ಹೋದಂತೆ ಅವನ ದನಿಗೆ ಧೈರ್ಯ ಬಂತು. ಇಡೀ ದಿನ ಹೀಗೇ ವಿವರಿಸುತ್ತ ಕೂರಬಹುದಾದರೆ! "ಸರಿ, ಹಾಗಾದ್ರೆ ಮೇಲೆ ಹತ್ತಿ ನೋಡಿಬಿಡಿ" ಎಂದರು ಮಹಾಂತಮ್ಮ.

ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿಯ ಬುಡಕ್ಕೆ ಬಂದ. ಇಷ್ಟೇ ಎತ್ತರ, ಹನ್ನೊಂದು ಅಡಿ. ಅಂಚಿನವರೆಗೆ ಹೋಗಿ ಒಂದು ಕೈಯಲ್ಲಿ ಟೇಪು ಚಾಚಿದರೆ ಸಾಕು, ಮೇಲೆ ಕಾಲಿಡುವುದೇ ಬೇಡ. ಮೊದಲನೇ ಮೆಟ್ಟಿಲು ಹತ್ತಿದ. ಎರಡನೆಯದು. ಹಿಂದಿನಿಂದ ಯಾರೋ, "ಮಹಾಂತಕ್ಕನ ಅಳಿಯ ಅಲ್ವೇನೇ, ತಲೆ ಎಷ್ಟು ಬೇಗ ಬೆಳ್ಳಗಾಯ್ತು" ಎಂದಳು. ಮೂರು, ನಾಲ್ಕು. ಐದನೆಯ ಮೆಟ್ಟಿಲಲ್ಲಿ ಕಾಲಿಟ್ಟಾಗ ಗಿರಣಿಯ ನಡುಕ ಗೋಡೆಯಿಂದ ಏಣಿಗೆ ಹತ್ತಿ ಅಂಗೈಗೆ ಬಂತು, ಅಂಗೈಯಿಂದ ಹಲ್ಲಿಗೆ. ಮೂರು ವರ್ಷದ ಹಿಂದೆಯೂ ಹೀಗೇ ನಡುಕ ಹತ್ತಿತ್ತು. ಅದು ಮಾಚೇನಹಳ್ಳಿಯ ವರ್ಕ್‌ಶಾಪಿನ ಮಾಡು, ಮೂವತ್ತಡಿ, ನಡು ಮಧ್ಯಾಹ್ನ, ಕೆಳಗೆ ಯಾವುದೋ ಪ್ರೆಸ್ಸು ಧಡ್ ಧಡ್ ಎಂದು ಬೀಳುತ್ತಿತ್ತು. ಏನೂ ಆಗಿರಲಿಲ್ಲ. ಕಾಲು ಜಾರಲಿಲ್ಲ, ಗಾಳಿ ಬೀಸಲಿಲ್ಲ. ನೆತ್ತಿಯಲ್ಲಿ ನಿಂತು ಟೇಪಿನ ಅಂಕಿ ಓದುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಈ ಕಾಲು ತನ್ನದಲ್ಲ ಅನಿಸಿತ್ತು. ಕೂತುಬಿಟ್ಟ, ಆಮೇಲೆ ಮಲಗಿಬಿಟ್ಟ, ಕಾದ ಶೀಟಿಗೆ ಕೆನ್ನೆಯೊತ್ತಿ. ಆನಂದ ತೆವಳುತ್ತ ಬಂದು, 'ಅಣ್ಣಾ, ಕಣ್ಣು ಮುಚ್ಚಿಕೊಳ್ಳಿ, ನಾನು ಹೇಳಿದಂಗೆ ಕಾಲಿಡಿ' ಎಂದು ಅರ್ಧ ಗಂಟೆ ಹಿಡಿದು ಅವನನ್ನು ಕೆಳಗಿಳಿಸಿದ್ದ. ಇಳಿದ ಮೇಲೆ ಅವನ ಅಂಗಿಯ ಧೂಳು ಕೊಡವಿ, ಬಂದ ಫ್ಯಾಕ್ಟರಿಯವರಿಗೆ, 'ಸರ್‌ಗೆ ಬಿಸಿಲು ಹೊಡೆದಿದೆ' ಎಂದು ತಾನೇ ಹೇಳಿದ್ದ. ಆಮೇಲೆ ಆ ಮಾತು ಅವರಿಬ್ಬರ ನಡುವೆ ಬರಲೇ ಇಲ್ಲ. ಪ್ರತಿ ಸಲವೂ ಏಣಿ ಹಾಕುತ್ತಿದ್ದಂತೆ ಆನಂದ ಏನೂ ಹೇಳದೆ ಮೊದಲು ಹತ್ತುತ್ತಿದ್ದ. ಇವನು ಕೆಳಗೆ ನಿಂತು ಬರೆದುಕೊಳ್ಳುತ್ತಿದ್ದ. ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಕ್ರಮ ಎನ್ನುವಷ್ಟು ಸಹಜವಾಗಿತ್ತು. ಈಗ ಅವನ ಮುಖದಿಂದ ಒಂದು ಗೇಣು ದೂರದಲ್ಲಿ ಗೋಡೆಯ ಸುಣ್ಣ, ಅದರ ಮೇಲೊಂದು ಇರುವೆ ಸಾಲು. ಇಳಿಯಬೇಕು ಎಂದುಕೊಂಡ. ಕಾಲಿಗೆ ಕೇಳಿಸಲಿಲ್ಲ.

"ಯಾಕೆ ಅಲ್ಲೇ ನಿಂತ್ರು?" "ಏನೋ ಲೆಕ್ಕ ಹಾಕ್ತಿರಬೇಕು ಸುಮ್ಮನಿರೇ." "ಕೈ ನೋಡು, ಏಣೀನ ಹೆಂಗೆ ತಬ್ಕೊಂಡಿದಾರೆ." ಯಾರೋ ಕಿಸಕ್ಕನೆ ನಕ್ಕರು. ಅದು ಅವನಿಗಾಗಿ ಬಂದ ನಗು ಹೌದೋ ಅಲ್ಲವೋ, ಕುತ್ತಿಗೆಯ ಹಿಂಭಾಗ ಸುಟ್ಟಿತು. ನಲವತ್ತಾರು ವರ್ಷದ ಗಂಡಸು, ಹೆಂಡತಿಯ ತವರಿನಲ್ಲಿ, ಗೋಡೆಗಂಟಿದ ಹಲ್ಲಿಯ ಹಾಗೆ.

ಇದ್ದಕ್ಕಿದ್ದಂತೆ ಗಿರಣಿ ನಿಂತಿತು. ಇಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ಹೋದದ್ದೇ ಎಲ್ಲರೂ ಒಳಗಿನ ಕಡೆ ತಿರುಗಿದರು. ಮಹಾಂತಮ್ಮ ಹಿತ್ತಲ ಬಾಗಿಲಿಗೆ ಬಂದು, "ಕರೆಂಟು ಹೋಯ್ತು. ಎಲ್ಲ ಮುಂದುಗಡೆ ಕಟ್ಟೆಗೆ ಹೋಗಿ ಕೂತ್ಕೊಳ್ಳಿ, ಇಲ್ಲಿ ಬಿಸಿಲು" ಎಂದರು. "ಪಕ್ಕದ ಮನೇಲಿ ಟಿವಿ ಓಡ್ತಾ ಇದೆಯಲ್ಲಕ್ಕಾ?" ಎಂದು ಒಬ್ಬಳು. "ಒಂದು ಫೇಸ್ ಹೋಗಿದೆ ಮಾರಾಯ್ತಿ, ಟಿವಿಗೆ ಒಂದು ಸಾಕು, ನನ್ನ ಮೋಟಾರಿಗೆ ಮೂರು ಬೇಕು. ಏಳ್ರೀ, ಏಳ್ರೀ. ಕರಿಯಮ್ಮಾ, ಡಬ್ಬ ಎತ್ತಿಕೊಡು ಅವರಿಗೆ." ಡಬ್ಬಗಳ ಸದ್ದು, ಬಳೆಗಳ ಸದ್ದು, ಗೊಣಗಾಟ, ಎಲ್ಲ ಮನೆಯ ಮುಂದಕ್ಕೆ ಸರಿಯಿತು. ಬಾಗಿಲು ಹಾಕಿಕೊಂಡಿತು. ಮೋಟಾರಿನ ಸ್ವಿಚ್ಚು ಅತ್ತೆಯೇ ಆರಿಸಿದ್ದರೆಂದು ಅವನಿಗೆ ಹೊಳೆದಾಗ ಹಿಮ್ಮಡಿಯ ಮೇಲೆ ಒಂದು ಕೈ ಬಂದು ಕೂತಿತು, ಬೆಚ್ಚಗೆ, ಒರಟಾಗಿ.

"ಬಲಗಾಲು. ನಾನು ಹಿಡಿದಿದೀನಿ. ಬಿಡಿ ಸುಮ್ಮನೆ, ನಾನೇ ಇಡ್ತೀನಿ ಮೆಟ್ಟಿಲ ಮೇಲೆ." ಅತ್ತೆ ಅಳಿಯನ ಕಾಲು ಮುಟ್ಟುವುದೆಂದರೇನು ಎಂದು ಅವನ ಬಾಯಿಗೆ ಬಂತು, ಅದನ್ನು ಹೇಳಲು ಉಸಿರಿರಲಿಲ್ಲ. ಐದು ಮೆಟ್ಟಿಲು ಇಳಿಯಲು ಎಷ್ಟು ಹೊತ್ತಾಯಿತೋ. ನೆಲಕ್ಕೆ ಬಂದವನು ಗೋಡೆಗೊರಗಿ ಕೂತ. ಪ್ಯಾಂಟಿನ ತುದಿಯಲ್ಲಿ ಬಿಳಿ ಬೆರಳಚ್ಚು. ಮಹಾಂತಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಸೆರಗಿನಲ್ಲಿ ಕೈ ಒರೆಸಿಕೊಂಡರು. ಅವರ ಮುಖದಲ್ಲಿ ಮರುಕವಿರಲಿಲ್ಲ, ಸಣ್ಣ ಅಸಮಾಧಾನವಿತ್ತು. "ಹತ್ತೋಕಾಗಲ್ಲ ಅಂತ ಫೋನಲ್ಲೇ ಅಂದಿದ್ರೆ ಆ ಹೂವಪ್ಪನ ಹತ್ರ ಏಣಿಗೆ ಅಂಗಲಾಚ್ತಿರಲಿಲ್ಲ. ಅವನದು ಏನು ಜಂಬ ಗೊತ್ತಾ?" ರುದ್ರೇಶನಿಗೆ ನಗು ಬಂತು. ನಗು ಎಂದುಕೊಂಡದ್ದು ಗಂಟಲಿಗೆ ಬರುವಷ್ಟರಲ್ಲಿ ಬೇರೆಯೇ ಆಯಿತು. ಮುಖ ಮುಚ್ಚಿಕೊಂಡ. ಅವರು ಕಾದರು, ಜರಡಿ ಹಿಡಿದು ಕೂತವರ ಹಾಗೆ.

ಎಲ್ಲ ಹೇಳಿದ. ಮಾಚೇನಹಳ್ಳಿಯದನ್ನು ಹೇಳಿದ, ಆನಂದನನ್ನು ಹೇಳಿದ. ಕುಂಸಿಯ ಆಚೆಗಿನ ಒಂದು ಕೋಳಿ ಶೆಡ್ಡು, ಎರಡು ತಿಂಗಳ ಹಿಂದೆ. ಹಳೇ ಸಿಮೆಂಟ್ ಶೀಟು. ಆನಂದ ಮೇಲಿದ್ದ, ನಾನು ಕೆಳಗೆ ಕಾಗದ ಹಿಡಿದು ನಿಂತಿದ್ದೆ. ಮೂಲೆಯ ಅಳತೆ ಸರಿಯಾಗಿ ಬರಲಿಲ್ಲ ಅಂತ, 'ಇನ್ನೊಂದಡಿ ಆ ಕಡೆ ಹೋಗೋ ಮಾರಾಯ' ಅಂತ ಕೂಗಿದೆ. ಒಂದಡಿ ಹೋದ. ಶೀಟು ಒಡೆಯುವ ಸದ್ದು ಹಪ್ಪಳ ಮುರಿದಂತೆ ಇತ್ತು ಅತ್ತೆ, ಅಷ್ಟೇ ಸಣ್ಣ ಸದ್ದು. ಶೆಡ್ಡಿನೊಳಗೆ ಕೋಳಿಗಳೆಲ್ಲ ಒಟ್ಟಿಗೆ ಕೂಗಿಕೊಂಡವು. ಓಡಿಹೋಗಿ ನೋಡಿದರೆ ಆನಂದ ಭತ್ತದ ಹೊಟ್ಟಿನ ಮೇಲೆ ಬಿದ್ದು ತನ್ನ ಕಾಲನ್ನೇ ಯಾರದೋ ಎಂಬಂತೆ ನೋಡುತ್ತಿದ್ದ. ಅಂಗಡಿಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಯಜಮಾನರ ಮಗ ದುಷ್ಯಂತ್, 'ಆನಂದ ಹುಷಾರಾಗೋ ತನಕ ನೀವೇ ಸ್ವಲ್ಪ ಹತ್ತಿ ರುದ್ರೇಶಣ್ಣ' ಎಂದಿದ್ದ. ಎರಡು ತಿಂಗಳಿಂದ ಉಪಗ್ರಹದ ಫೋಟೋ ನೋಡಿ ಅಳತೆ ಬರೆಯುತ್ತಿದ್ದೇನೆ, ಹತ್ತಿ ನೋಡಿದೆ ಅಂತ ಸುಳ್ಳು ಬರೆಯುತ್ತಿದ್ದೇನೆ. "ಆ ಕೋಳಿ ಶೆಡ್ಡು ನಾನು ಹತ್ತಬೇಕಾಗಿದ್ದ ಮಾಡು ಅತ್ತೆ."

"ಆನಂದನಿಗೆ ಹೇಳಿದೀರಾ ಇದನ್ನ?"

"ಇಲ್ಲ. ಒಂದ್ಸಲ ಹೋಗಿದ್ದೆ. ಹಣ್ಣು ಕೊಟ್ಟು ಬಂದೆ."

"ನನ್ನ ಹಿತ್ತಲಲ್ಲಿ ಕೂತು ನೀವು ಅತ್ತರೆ ಅವನ ಕಾಲಿಗೇನು ಬಂತು?" ಎಂದರು ಮಹಾಂತಮ್ಮ. ಎದ್ದರು. ಸೆರಗನ್ನು ಸೊಂಟಕ್ಕೆ ಬಿಗಿದು ಏಣಿಗೆ ಕೈಹಾಕಿದರು. "ಟೇಪು ಕೊಡಿ. ಎಲ್ಲಿಂದ ಎಲ್ಲಿಗೆ ಹಿಡೀಬೇಕು ಅಂತ ನೀವು ಕೆಳಗಿಂದ ಹೇಳಿ."

ಅವನು ಧಡಕ್ಕನೆ ಎದ್ದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬೇಡ. ನೀವು ಹತ್ತಬೇಡಿ." ದನಿ ಅವನಿಗೇ ಅಪರಿಚಿತವಾಗಿತ್ತು. ಅತ್ತೆಯ ಮುಂದೆ ಹಾಗೆ ಕೂಗಿದ್ದು ಮದುವೆಯಾದ ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. "ಇದೂ ಸಿಮೆಂಟ್ ಶೀಟೇ. ಮೂವತ್ತು ವರ್ಷದ್ದು. ಇದರ ಮೇಲೆ ಯಾರೂ ಕಾಲಿಡಬಾರದು, ಪ್ಯಾನೆಲ್ಲೂ ಕೂರಿಸಬಾರದು. ಹಿತ್ತಲಲ್ಲಿ ನೆಲದಿಂದ ಕಂಬ ಎಬ್ಬಿಸಿ ಕೂರಿಸೋಣ." ಹೇಳಿದ ಕೂಡಲೇ ಸಂಶಯ ಬಂತು. ಇದು ಹನ್ನೊಂದು ವರ್ಷ ಕೆಲಸ ಮಾಡಿದವನ ಮಾತೋ, ಹೆದರಿದವನ ಮಾತೋ? ಹೆದರಿಕೆ ಎಷ್ಟು ಜಾಣತನದಿಂದ ತಿಳುವಳಿಕೆಯ ಅಂಗಿ ತೊಟ್ಟುಕೊಂಡು ಬರುತ್ತದೆಂದು ಅವನಿಗೆ ಮೂರು ವರ್ಷದಿಂದ ಗೊತ್ತಿತ್ತು. ಬಾಯಿಬಿಟ್ಟೇ ಹೇಳಿದ, "ಭಯಕ್ಕೆ ಹೇಳ್ತಿದೀನೋ ನಿಜವಾಗಿ ಹೇಳ್ತಿದೀನೋ, ನನಗೇ ಗೊತ್ತಾಗ್ತಿಲ್ಲ ಅತ್ತೆ."

ಮಹಾಂತಮ್ಮ ಅವನನ್ನು ನೋಡಿದರು, ಮಾಡನ್ನು ನೋಡಿದರು. "ಅದಕ್ಕೇನಂತೆ, ನೋಡಿದ್ರೆ ಗೊತ್ತಾಗುತ್ತೆ" ಎಂದು ಒಳಗೆ ಹೋಗಿ ಬೆಲ್ಟು ಸರಿಪಡಿಸುವ ಕಬ್ಬಿಣದ ಸಲಾಕಿ ತಂದರು. "ಮೇಲೆ ಕಾಲಿಡಲ್ಲ. ಏಣಿ ಹಿಡ್ಕೊಳ್ಳಿ ಗಟ್ಟಿಯಾಗಿ." ಅವನು ಬೇಡವೆನ್ನುವಷ್ಟರಲ್ಲಿ ಆರು ಮೆಟ್ಟಿಲು ಹತ್ತಿದ್ದರು. ಅವನು ಏಣಿಯ ಎರಡು ಕಾಲುಗಳ ನಡುವೆ ನಿಂತು, ಹಣೆಯನ್ನು ಮೆಟ್ಟಿಲಿಗೊತ್ತಿ ಹಿಡಿದುಕೊಂಡ. ಅತ್ತೆಯ ಸೀರೆಯ ಅಂಚಿನಿಂದ ಹಿಟ್ಟು ಉದುರಿ ಅವನ ಕತ್ತಿನೊಳಗೆ ಬೀಳುತ್ತಿತ್ತು. ಇಷ್ಟೊಂದು ಬಿಗಿಯಾಗಿ ಏನನ್ನೂ ಹಿಡಿದ ನೆನಪಿರಲಿಲ್ಲ ಅವನಿಗೆ. ಮೇಲೆ ಟಕ್ ಎಂದು ಸದ್ದು, ಟಕ್ ಎಂದು ಇನ್ನೊಂದು. ಮೂರನೆಯದಕ್ಕೆ ಸಲಾಕಿ ಶೀಟಿನೊಳಗೆ ಇಳಿದುಹೋಯಿತು. "ಅಯ್ಯೋ ಶಿವನೇ" ಎಂದರು ಮಹಾಂತಮ್ಮ, ಮೇಲಿನಿಂದ, ಸೋಜಿಗದಲ್ಲಿ. "ಮೊಸರಿನ ಕೆನೆ ಆಗಿದೆಯಲ್ಲ ಇದು." ಇಳಿದು ಬಂದು, ಏದುಸಿರು ಬಿಡುತ್ತ, ಅವನ ತಲೆಯ ಮೇಲಿನ ಹಿಟ್ಟು ಕೊಡವಿದರು. "ನಿಮ್ಮ ಭಯ ಸುಳ್ಳು ಹೇಳಿಲ್ಲ. ಈ ಸಲ."

ಆಮೇಲಿನ ಒಂದು ಗಂಟೆ ಅವನು ಮೂರು ವರ್ಷದಲ್ಲಿ ಮಾಡದಷ್ಟು ಒಳ್ಳೆಯ ಕೆಲಸ ಮಾಡಿದ. ಸ್ವಿಚ್ಚು ಹಾಕಿಸಿ ಗಿರಣಿ ಶುರುಮಾಡಿಸಿದರು ಅತ್ತೆ. ಹೆಂಗಸರು ಹಿತ್ತಲಿಗೆ ವಾಪಸು ಬಂದರು. ಅವರ ನಡುವೆಯೇ ಟೇಪು ಎಳೆದು, ಸುಣ್ಣದ ಪುಡಿಯಲ್ಲಿ ಕಂಬದ ಗುರುತು ಹಾಕಿದ. ನಕ್ಕವಳು ಯಾರೆಂದು ಹುಡುಕಲಿಲ್ಲ, ಅವರಲ್ಲೊಬ್ಬಳು ಟೇಪಿನ ತುದಿ ಹಿಡಿದುಕೊಂಡಳು. ಕರಿಯಮ್ಮ ಹೊರಗೆ ಬಂದು, "ಸ್ವಲ್ಪ ಎತ್ತರಕ್ಕೆ ಹಾಕಿಸಿ ಸಾ, ಕೆಳಗೆ ನೆರಳಲ್ಲಿ ಕೂರಬಹುದು" ಎಂದಳು. ಅದು ಅವನಿಗೆ ಹೊಳೆದಿರಲಿಲ್ಲ. ಎಂಟಡಿ ಎಂದು ಬರೆದುಕೊಂಡ. ಮೆಣಸಿನಕಾಯಿ ಒಣಗಿಸುವುದೆಲ್ಲಿ ಎಂದು ಒಬ್ಬಳು ತಕರಾರು ತೆಗೆದಳು. ಮನೆಯ ತಾರಸಿಯ ಮೇಲೆ ಎಂದು ಮಹಾಂತಮ್ಮ ತೀರ್ಮಾನ ಮಾಡಿದರು. ಊಟಕ್ಕೆ ಕೂರಿಸಿ, ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತ, "ಶಾಂಭವಿಗೆ ನಾನು ಹೇಳಲ್ಲ. ನೀವೇ ಹೇಳಬೇಕು" ಎಂದರು. ಅವನು ತಲೆಯಾಡಿಸಿದ. "ಅದಕ್ಕೆ ಮುಂಚೆ ಭದ್ರಾವತಿ" ಎಂದರು. ಅದಕ್ಕೂ ತಲೆಯಾಡಿಸಿದ.

ಭದ್ರಾವತಿಯಲ್ಲಿ ಆನಂದನ ಮನೆ ಕಾರ್ಖಾನೆಯ ಹಳೇ ಕ್ವಾರ್ಟರ್ಸಿನ ಹಿಂದಿನ ಓಣಿಯಲ್ಲಿತ್ತು. ನಾಲ್ಕೂವರೆ ಗಂಟೆ. ಓಣಿಯಲ್ಲಿ ಎರಡು ಸಲ ಹೋಗಿ ಬಂದ. ಮೂರನೆಯ ಸಲ ಆನಂದನ ತಾಯಿ ಕಾಳಮ್ಮ ಬಾಗಿಲಲ್ಲಿ ನಿಂತಿದ್ದರು. "ಬನ್ನಿ" ಎನ್ನಲಿಲ್ಲ, ಬಾಗಿಲಿನಿಂದ ಪಕ್ಕಕ್ಕೆ ಸರಿದರು ಅಷ್ಟೆ. ಆನಂದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಗಡ್ಡ ಬಂದಿತ್ತು. ಮಂಚದ ಪಕ್ಕ ವಾಕರು, ಅದರ ಮೇಲೆ ಒಣಹಾಕಿದ ಟವೆಲು. ಅವನಿಗಿನ್ನೂ ಮೂವತ್ತೊಂದು. ರುದ್ರೇಶ ಸ್ಟೂಲಿನ ಮೇಲೆ ಕೂತು, ಹೋದ ಸಲದ ಹಾಗೆ ಫ್ಯಾನು ನೋಡಬಾರದೆಂದು ನಿರ್ಧರಿಸಿ, ಆನಂದನ ಮುಖವನ್ನೇ ನೋಡುತ್ತ ಹೇಳಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ. "ಅವತ್ತು ಇನ್ನೊಂದಡಿ ಹೋಗು ಅಂದವನು ನಾನು. ಹಳೇ ಶೀಟು ಅಂತ ಗೊತ್ತಿತ್ತು. ಹತ್ತಬೇಕಾದವನೂ ನಾನೇ. ಹೆದರಿಕೊಂಡು ನಿನ್ನ ಹತ್ತಿಸಿದೆ ಆನಂದ. ಮೂರು ವರ್ಷ."

ಕಾಳಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆನಂದ ವಾಕರಿನ ಮೇಲಿನ ಟವೆಲು ಎಳೆದು ಮಡಚಿಟ್ಟ.

"ಹತ್ತಿದ್ದು ನನ್ನ ಇಷ್ಟದಿಂದ" ಎಂದ ಕೊನೆಗೆ. "ನೀವು ಹತ್ತಬೇಕಿತ್ತು ಅಂತ ಒಂದು ದಿನವೂ ಅನಿಸಿಲ್ಲ. ನೀವು ಬರೆಯೋದು ಚೆನ್ನಾಗಿ ಬರೀತೀರಿ, ನಾನು ಹತ್ತೋದು ಚೆನ್ನಾಗಿ ಹತ್ತುತ್ತೀನಿ, ಅಷ್ಟೇ ಅಂದ್ಕೊಂಡಿದ್ದೆ. ಒಂದಡಿ ಅಂದಿದ್ದು..." ನಿಲ್ಲಿಸಿದ. "ಅದು ನನಗೂ ದಿನಾ ಕೇಳಿಸುತ್ತೆ ಅಣ್ಣಾ. ಸುಳ್ಳು ಹೇಳಲ್ಲ." ಹೊರಗೆ ಯಾರೋ ತಮಿಳಿನಲ್ಲಿ ತರಕಾರಿ ಕೂಗುತ್ತ ಹೋದರು. ಆನಂದನ ದನಿ ಏರಿತು. "ಆದ್ರೆ ನೀವು ಎರಡು ತಿಂಗಳಲ್ಲಿ ಒಂದೇ ಸಲ ಬಂದ್ರಿ. ಹತ್ತು ನಿಮಿಷ ಕೂತ್ರಿ, ಅಷ್ಟೂ ಹೊತ್ತು ಫ್ಯಾನ್ ನೋಡಿದ್ರಿ. ನಮ್ಮಮ್ಮ ಕೇಳಿದ್ರು, ಇವರನ್ನೇನಾ ನೀನು ಅಣ್ಣ ಅಣ್ಣ ಅಂತಿದ್ದಿದ್ದು ಅಂತ. ನಾನು ಏನು ಹೇಳ್ಲಿ?"

ರುದ್ರೇಶ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. ಇಷ್ಟು ದಿನ ಹೊತ್ತು ತಿರುಗಿದ್ದ ತಪ್ಪಿನ ಪಕ್ಕದಲ್ಲಿ ಇದು ಎಷ್ಟು ಸಣ್ಣದು, ಎಷ್ಟು ಸುಲಭವಾಗಿ ಮಾಡದೇ ಇರಬಹುದಾಗಿದ್ದ ತಪ್ಪು. ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರು. "ತಪ್ಪಾಯ್ತು" ಎಂದ. ಆ ಪದ ಬಾಯಲ್ಲಿ ತೀರಾ ಸಣ್ಣ ಮಗುವಿನದರ ಹಾಗೆ ಬಂತು.

ಆನಂದ ಅವನ ಅಂಗಿಯ ಜೇಬಿನಿಂದ ಇಣುಕುತ್ತಿದ್ದ ಕಾಗದದ ಕಡೆ ಗದ್ದ ತೋರಿಸಿದ. "ಏನದು? ಹೊಸ ಸೈಟಾ?" ರುದ್ರೇಶ ಬಿಡಿಸಿ ಕೊಟ್ಟ. ನಮ್ಮತ್ತೆಯ ಗಿರಣಿ ಎಂದ. ಆನಂದ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಒಂದು ಸಲ ತಿರುಗಿಸಿ ನೋಡಿದ. ಗಡ್ಡ ಕೆರೆದುಕೊಂಡ. "ಎರಡು ಸಾಲಿನ ನಡುವೆ ಎರಡೇ ಅಡಿ ಬಿಟ್ಟಿದೀರಲ್ಲಣ್ಣ. ಚಳಿಗಾಲದಲ್ಲಿ ಮುಂದಿನ ಸಾಲಿನ ನೆರಳು ಹಿಂದಿನದರ ಮೇಲೆ ಬೀಳಲ್ವಾ? ಬೆಳಿಗ್ಗೆ ಹತ್ತರ ತನಕ ಅಮ್ಮಾವರ ಗಿರಣಿ ಕುಂಟುತ್ತೆ. ಆರಡಿ ಮಾಡಿ." "ಆರಡಿಗೆ ಜಾಗ ಇಲ್ಲ, ಹಿಂದೆ ಕಾಂಪೌಂಡ್ ಇದೆ." "ಹಂಗಾದ್ರೆ ಒಂದೇ ಸಾಲು ಮಾಡಿ, ಉದ್ದಕ್ಕೆ. ಪೆನ್ನು ಕೊಡಿ ಇಲ್ಲಿ." ಮೊಣಕಾಲಿನ ಮೇಲೆ ಕಾಗದವಿಟ್ಟು ಗೀರೆಳೆಯತೊಡಗಿದ. ಉದ್ದಕ್ಕೆ ಹಾಕಿದರೆ ಬಾವಿಗೆ ಹೋಗುವ ದಾರಿ ಮುಚ್ಚುತ್ತದೆಂದು ರುದ್ರೇಶ ವಾದಿಸಿದ. ದಾರಿ ಕಂಬದ ನಡುವೆ ಬಿಡಿ, ಎಂಟಡಿ ಎತ್ತರ ಇದೆಯಲ್ಲ ಎಂದು ಆನಂದ ಗದರಿಸಿದ. ಕಾಳಮ್ಮ ಎರಡು ಲೋಟ ಕಾಫಿ ತಂದು ಸ್ಟೂಲಿನ ಪಕ್ಕ ನೆಲದ ಮೇಲಿಟ್ಟರು. ಹೋಗುವಾಗ ರುದ್ರೇಶನನ್ನು ಒಂದು ಗಳಿಗೆ ನೋಡಿ, "ಸಕ್ಕರೆ ಸಾಕಾ ನೋಡಿ" ಎಂದರು.

ಹೊರಡಲು ಎದ್ದಾಗ ಕಾಗದ ಪೂರ್ತಿ ಗೀಚಿಹೋಗಿತ್ತು, ಅವನು ಬರೆದದ್ದು ಕೆಳಗೆಲ್ಲೋ ಸಿಕ್ಕಿಕೊಂಡಿತ್ತು. ಬಾಗಿಲ ತನಕ ಹೋದವನನ್ನು ಆನಂದ ಕರೆದ. "ಅಣ್ಣಾ, ಬುಧವಾರ ಬೆಳಿಗ್ಗೆ ಶಿವಮೊಗ್ಗದ ಡಾಕ್ಟ್ರ ಹತ್ರ ಹೋಗಬೇಕು, ಎಕ್ಸ್‌ರೇಗೆ. ಆಟೋದವನು ಎತ್ತಿ ಕೂರಿಸುವಾಗ ಕಾಲು ಮುಟ್ಟಿಬಿಡ್ತಾನೆ, ಜೀವ ಹೋದಂಗಾಗುತ್ತೆ." ಅಷ್ಟು ಹೇಳಿ ಪೆನ್ನಿನ ಮುಚ್ಚಳ ಹುಡುಕುವವನಂತೆ ಹಾಸಿಗೆಯಲ್ಲಿ ಕೈಯಾಡಿಸಿದ.

"ಎಷ್ಟೊತ್ತಿಗೆ?" ಎಂದು ಕೇಳಿದ ರುದ್ರೇಶ.

"ಎಂಟೂವರೆಗೆ."

"ಯಾರದಾದ್ರೂ ಕೇಳಿ ಕಾರು ತರ್ತೀನಿ. ಎಂಟಕ್ಕೇ ಬರ್ತೀನಿ."

"ಎಂಟಕ್ಕೆ ಬೇಡ, ಸ್ನಾನ ಆಗಿರಲ್ಲ" ಎಂದ ಆನಂದ. ಒಳಗಿನಿಂದ ಕಾಳಮ್ಮ, "ಎಂಟಕ್ಕೇ ಬರ್ಲಿ ಬಿಡೋ" ಎಂದರು. "ತಿಂಡಿ ಇಲ್ಲೇ ತಿಂತಾರೆ."